ಪೆಟ್ಟಿಗೆಯ ಹಿಂಬದಿ ಓದಿ: ವೈರ್‌ಲೆಸ್ ಕೀಬೋರ್ಡ್, ಮೌಸ್, ಹೆಡ್‌ಫೋನ್‌ಗಳ ಸುರಕ್ಷತಾ ನೋಂದಣಿ ಪರೀಕ್ಷಿಸುವ ಬಗೆ

ಕಳೆದ ಏಪ್ರಿಲ್‌ನಲ್ಲಿ ನಮ್ಮೂರ ಪ್ರೌಢಶಾಲೆಯ ಕಂಪ್ಯೂಟರ್ ಮೇಷ್ಟ್ರು ಫೋನ್ ಮಾಡಿದ್ದರು. "ನೀವು ತಂದುಕೊಟ್ಟ ಮೌಸ್‌ಗಳಲ್ಲಿ ಒಂದು ಯಾಕೋ ಮೇಜಿನ ಮೇಲೆ ನೆಟ್ಟಗೆ ಕೂರ್ತಿಲ್ಲ ಸಾರ್, ಅಲ್ಲಾಡ್ತದೆ" ಅಂದರು. ಹೋಗಿ ನೋಡಿದೆ. ತಳದ ಮುಚ್ಚಳ ಒಂದು ಬದಿಯಲ್ಲಿ ಉಗುರು ತೂರುವಷ್ಟು ಎದ್ದಿತ್ತು. ಆ ಸಂದಿಯಲ್ಲಿ ಬೆಳ್ಳಿ ಬಣ್ಣದ ಬ್ಯಾಟರಿ ಉಬ್ಬಿ, ಪುಟ್ಟ ದಿಂಬಿನ ಹಾಗೆ ಕಾಣುತ್ತಿತ್ತು. ಮೂಗಿನ ಹತ್ತಿರ ತಂದರೆ ಉಗುರುಬಣ್ಣ ಒರೆಸುವ ದ್ರಾವಣದಂಥ ಸಿಹಿ ವಾಸನೆ. ಹಳೆಯ ವಿದ್ಯಾರ್ಥಿಗಳೆಲ್ಲ ದುಡ್ಡು ಹಾಕಿ ಶಾಲೆಗೆ ಕೊಡಿಸಿದ್ದ 12 ಜೊತೆ ಕೀಬೋರ್ಡ್-ಮೌಸ್‌ಗಳಲ್ಲಿ ಅದೂ ಒಂದು. ಬೆಂಗಳೂರಿಗೆ ಹೋಗಿ ಕೊಂಡು ತಂದವನು ನಾನು. ದಿನವೂ ಅದನ್ನು ಹಿಡಿಯುತ್ತಿದ್ದವರು ಎಂಟನೇ ತರಗತಿಯ ಮಕ್ಕಳು.

ಅದರ ಜೊತೆಯ ಕೀಬೋರ್ಡ್ ಮಗುಚಿ ಹಿಂದಿನ ಸ್ಟಿಕ್ಕರ್ ಓದಿದೆ. ಸಾಮಾನಿಗೆ ಸುರಕ್ಷತಾ ನೋಂದಣಿ ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಗುರುತು ಇತ್ತು, ಕೆಳಗೆ ನೋಂದಣಿ ಸಂಖ್ಯೆಯೂ ಇತ್ತು. ಆ ಸಂಖ್ಯೆಯನ್ನು ಫೋನಿನ ಆ್ಯಪ್‌ಗೆ ಹಾಕಿದರೆ ಬಂದದ್ದು ಯಾವುದೋ ಬೇರೆ ಬ್ರ್ಯಾಂಡಿನ ಪವರ್ ಅಡಾಪ್ಟರ್‌ನ ವಿವರ! ಇನ್ನೊಬ್ಬರಿಗೆ ಸಿಕ್ಕ ನೋಂದಣಿಯನ್ನು ಈ ಕೀಬೋರ್ಡಿಗೆ ಅಚ್ಚು ಹಾಕಿ ಅಂಟಿಸಿದ್ದರು. ಅದನ್ನು ಕಂಡುಹಿಡಿಯಲು ನನಗೆ ಹಿಡಿದದ್ದು ಎರಡು ನಿಮಿಷ. ಕೊಳ್ಳುವ ದಿನ, ಅಂಗಡಿಯ ಕಟ್ಟೆಯ ಮುಂದೆ ನಿಂತೇ ಆ ಕೆಲಸ ಮಾಡಬಹುದಿತ್ತು. ನೀವು ಮಾಡಲಿ ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಯಾವುದಕ್ಕೆ ನೋಂದಣಿ ಕಡ್ಡಾಯ

ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಾಮಾನುಗಳಿಗೆ ಕಡ್ಡಾಯ ನೋಂದಣಿ ಬೇಕೆಂಬ ಆದೇಶವನ್ನು ಕೇಂದ್ರ ಸರ್ಕಾರ 2012ರ ಅಕ್ಟೋಬರ್‌ನಲ್ಲಿ ಹೊರಡಿಸಿತು. ನೋಂದಣಿ ಕೊಡುವುದು ಭಾರತೀಯ ಮಾನಕ ಬ್ಯೂರೋ, ಅಂದರೆ ನಾವೆಲ್ಲ ಬಿಐಎಸ್ ಅನ್ನುವ ಸಂಸ್ಥೆ. ಲ್ಯಾಪ್‌ಟಾಪ್, ಪ್ರಿಂಟರ್, ಸ್ಕ್ಯಾನರ್, ಸೆಟ್‌ಟಾಪ್ ಬಾಕ್ಸ್‌ಗಳ ಜೊತೆ ವೈರ್‌ಲೆಸ್ ಕೀಬೋರ್ಡ್ ಕೂಡ ಮೊದಲ ಪಟ್ಟಿಯಲ್ಲೇ ಹೆಸರು ಹಿಡಿದು ಸೇರಿತ್ತು. 2014ರಲ್ಲಿ ಪವರ್ ಅಡಾಪ್ಟರ್, ಪವರ್ ಬ್ಯಾಂಕ್, ಮೊಬೈಲ್ ಫೋನ್ ಮತ್ತು ಚಾರ್ಜ್ ಮಾಡುವ ಲಿಥಿಯಂ ಸೆಲ್-ಬ್ಯಾಟರಿಗಳು ಬಂದವು. 2020ರ ಪಟ್ಟಿಗಳಲ್ಲಿ ಬ್ಲೂಟೂತ್ ಸ್ಪೀಕರ್, ವೈರ್‌ಲೆಸ್ ಮೈಕ್, ವೆಬ್‌ಕ್ಯಾಮ್, ವೈರ್‌ಲೆಸ್ ಹೆಡ್‌ಫೋನ್-ಇಯರ್‌ಫೋನ್‌ಗಳು ಕೂಡಿಕೊಂಡವು.

ಮೌಸ್ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕೀಬೋರ್ಡಿನಂತೆ ಮೌಸ್ ಹೆಸರು ಆ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಬರೀ ಮೌಸ್ ಇರುವ ಪೆಟ್ಟಿಗೆಯ ಮೇಲೆ ಬಿಐಎಸ್ ಸಂಖ್ಯೆ ಕಾಣದಿದ್ದರೆ ಅಷ್ಟಕ್ಕೇ ಅದನ್ನು ನಕಲಿ ಅನ್ನಬೇಡಿ. ಅಂಥ ಕಡೆ ರೇಡಿಯೋ ಅನುಮೋದನೆಯನ್ನೂ ಬ್ಯಾಟರಿಯನ್ನೂ ನೋಡಬೇಕು, ಮುಂದೆ ಹೇಳುತ್ತೇನೆ. ಆದರೆ ಕೀಬೋರ್ಡ್-ಮೌಸ್ ಜೊತೆಯಾಗಿ ಮಾರುವ ಪೆಟ್ಟಿಗೆಯಲ್ಲಿ ಕೀಬೋರ್ಡಿನ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ವಾಪಸ್ ಕೊಟ್ಟುಬಿಡಿ.

ಮೊದಲ ಹೆಜ್ಜೆ: ಸ್ಟಿಕ್ಕರ್ ಹುಡುಕುವುದು

ಕೀಬೋರ್ಡಿನಲ್ಲಿ ಅದು ಹಿಂಬದಿಯಲ್ಲಿರುತ್ತದೆ. ಮೌಸ್‌ನಲ್ಲಿ ತಳದಲ್ಲಿ, ಕೆಲವೊಮ್ಮೆ ಸೆಲ್ ಹಾಕುವ ಮುಚ್ಚಳದ ಒಳಗೆ. ಇಯರ್‌ಬಡ್‌ಗಳಲ್ಲಿ ಡಬ್ಬಿಯ ತಳದಲ್ಲೋ ಮುಚ್ಚಳದ ಒಳಬದಿಯಲ್ಲೋ ಇರಬಹುದು. ತೀರ ಚಿಕ್ಕ ಸಾಮಾನಾದರೆ ಹೊರಪೆಟ್ಟಿಗೆಯ ಮೇಲೆ ನೋಡಿ. ಅಕ್ಷರ ಸಾಸಿವೆ ಕಾಳಿನಷ್ಟಿರುತ್ತದೆ. ಕಣ್ಣು ಕಿರಿದು ಮಾಡಿಕೊಂಡು ಓದುವ ಬದಲು ಫೋನಿನಲ್ಲಿ ಒಂದು ಫೋಟೊ ತೆಗೆದು ದೊಡ್ಡದು ಮಾಡಿ. 3 ಮತ್ತು 8 ಅದಲುಬದಲಾದರೆ ಸರಿಯಾದ ಸಾಮಾನೂ ನಕಲಿಯಂತೆ ಕಂಡೀತು.

ನೀವು ಹುಡುಕಬೇಕಾದದ್ದು ಬಿಐಎಸ್‌ನ ಗುರುತು. ಅದರ ಮೇಲೆ ಐಎಸ್ ಎಂದು ಶುರುವಾಗುವ ಮಾನಕದ (ಸಾಮಾನು ಪಾಲಿಸಬೇಕಾದ ನಿಯಮಾವಳಿಯ) ಸಂಖ್ಯೆ, ಕೆಳಗೆ ಇಂಗ್ಲಿಷಿನ ಆರ್ ಅಕ್ಷರ, ಒಂದು ಅಡ್ಡಗೆರೆ, ಆಮೇಲೆ 8 ಅಂಕಿಗಳು. ಕೀಬೋರ್ಡಿಗೆ ಹಳೆಯ ಮಾನಕ ಐಎಸ್ 13252ರ ಭಾಗ 1. ಈಗ ಅದರ ಜಾಗಕ್ಕೆ ಐಎಸ್/ಐಇಸಿ 62368ರ ಭಾಗ 1 ಬಂದಿದೆ. ಮಾರುಕಟ್ಟೆಯಲ್ಲಿ ಎರಡೂ ಕಾಣಸಿಗುತ್ತವೆ. ಹೆಡ್‌ಫೋನ್, ಬ್ಲೂಟೂತ್ ಸ್ಪೀಕರ್‌ಗಳ ಹಳೆಯ ಪೆಟ್ಟಿಗೆಗಳಲ್ಲಿ ಐಎಸ್ 616 ಇರುತ್ತದೆ. ಲಿಥಿಯಂ ಬ್ಯಾಟರಿಯ ಮೇಲಾದರೆ ಐಎಸ್ 16046. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು. ಕೀಬೋರ್ಡಿನ ಮೇಲೆ ಬರೀ 16046 ಇದೆಯೆಂದರೆ ಅದು ಬ್ಯಾಟರಿಯ ಸಂಖ್ಯೆ, ಕೀಬೋರ್ಡಿನದಲ್ಲ ಎಂದು ನಿಮಗೇ ತಿಳಿಯುತ್ತದೆ.

ಇನ್ನೊಂದು ಗೊಂದಲ ಐಎಸ್‌ಐ ಗುರುತಿನದು. ಸ್ವಿಚ್ಚು, ಪ್ಲಗ್ಗು, ಹೆಲ್ಮೆಟ್ಟುಗಳ ಮೇಲೆ ನೋಡಿ ನೋಡಿ ನಮಗೆ ಐಎಸ್‌ಐ ಅಂದರೆ ನಂಬಿಕೆ. ಆದರೆ ವೈರ್‌ಲೆಸ್ ಕೀಬೋರ್ಡಿಗೆ, ಹೆಡ್‌ಫೋನಿಗೆ ಐಎಸ್‌ಐ ಗುರುತು ಕೊಡುವುದಿಲ್ಲ. ಅವುಗಳಿಗಿರುವುದು ಆರ್ ಸಂಖ್ಯೆಯ ಈ ನೋಂದಣಿ. ಕೀಬೋರ್ಡ್ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಐಎಸ್‌ಐ ಅಂತ ಹಾಕಿದ್ದರೆ ಅದು ಮೋಸದ ಸೂಚನೆ.

ಎರಡನೇ ಹೆಜ್ಜೆ: ಆ್ಯಪ್‌ನಲ್ಲಿ ಸಂಖ್ಯೆ ಹಾಕುವುದು

ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್ ಉಚಿತವಾಗಿ ಸಿಗುತ್ತದೆ. ಚಿನ್ನದ ಒಡವೆಯ ಹಾಲ್‌ಮಾರ್ಕ್ ಸಂಖ್ಯೆ ನೋಡಲು ಎಷ್ಟೋ ಜನ ಈಗಾಗಲೇ ಹಾಕಿಕೊಂಡಿದ್ದಾರೆ, ಅದೇ ಇದು. ತೆರೆದರೆ ಪರಿಶೀಲನೆಯ ಹಲವು ಆಯ್ಕೆಗಳು ಕಾಣುತ್ತವೆ. ಐಎಸ್‌ಐ ಲೈಸೆನ್ಸಿಗೆ ಒಂದು, ಒಡವೆಗೆ ಇನ್ನೊಂದು. ನಿಮಗೆ ಬೇಕಾದದ್ದು 'ವೆರಿಫೈ ಆರ್-ನಂಬರ್ ಅಂಡರ್ ಸಿಆರ್‌ಎಸ್' ಎಂಬುದು. ಸಿಆರ್‌ಎಸ್ ಅಂದರೆ ಈ ಕಡ್ಡಾಯ ನೋಂದಣಿ ಯೋಜನೆಯೇ. ಆ ಆಯ್ಕೆಯಲ್ಲಿ ಸಂಖ್ಯೆ ಹಾಕಿ ಒತ್ತಿ.

ಮೂರನೇ ಹೆಜ್ಜೆ: ಬಂದ ಉತ್ತರವನ್ನು ಪೆಟ್ಟಿಗೆಯೊಂದಿಗೆ ತಾಳೆ ನೋಡುವುದು

ಹೆಚ್ಚಿನವರು ಎಡವುವುದು ಇಲ್ಲಿ. ಆ್ಯಪ್ ಏನೋ ಒಂದು ವಿವರ ತೋರಿಸಿತು, ಅಂದರೆ ಸಂಖ್ಯೆ ಅಸಲಿ, ಹಾಗಾದರೆ ಸಾಮಾನೂ ಅಸಲಿ ಅಂದುಕೊಂಡು ಫೋನ್ ಜೇಬಿಗೆ ಹಾಕುತ್ತಾರೆ. ನನ್ನ ಕೀಬೋರ್ಡಿನ ಸಂಖ್ಯೆಯೂ ಅಸಲಿಯೇ ಆಗಿತ್ತು, ಇನ್ನೊಬ್ಬರದ್ದು ಅಷ್ಟೆ. ಹಾಗಾಗಿ ಸಾಲು ಸಾಲಾಗಿ ಓದಿ.

ಮೊದಲು ಉತ್ಪನ್ನ ಯಾವುದು ಎಂಬ ಸಾಲು. ಕೈಯಲ್ಲಿರುವುದು ಕೀಬೋರ್ಡ್ ಆಗಿದ್ದರೆ ಅಲ್ಲೂ ಕೀಬೋರ್ಡ್ ಎಂದೇ ಇರಬೇಕು. ಒಂದು ನೋಂದಣಿ ಒಂದು ಬಗೆಯ ಸಾಮಾನಿಗೆ ಮಾತ್ರ. ಒಂದೇ ಕಾರ್ಖಾನೆ ಅಡಾಪ್ಟರನ್ನೂ ಕೀಬೋರ್ಡನ್ನೂ ಮಾಡಿದರೆ ಎರಡಕ್ಕೂ ಬೇರೆ ಬೇರೆ ಸಂಖ್ಯೆ ಪಡೆಯಬೇಕು.

ಆಮೇಲೆ ಬ್ರ್ಯಾಂಡ್, ಮಾದರಿ. ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆ ನೋಂದಣಿಯಲ್ಲಿರುವ ಮಾದರಿಗಳ ನಡುವೆ ಇರಬೇಕು. ಜಾಹೀರಾತಿನ ಹೆಸರು ಬೇರೆ, ಮಾದರಿ ಸಂಖ್ಯೆ ಬೇರೆ. ಪೆಟ್ಟಿಗೆಯ ಮುಂದೆ ಬಣ್ಣ ಬಣ್ಣದಲ್ಲಿ ಬರೆದ ಹೆಸರನ್ನು ಬಿಟ್ಟು ಸ್ಟಿಕ್ಕರಿನ ಮೇಲಿರುವ ಮಾದರಿಯನ್ನೇ ತೆಗೆದುಕೊಳ್ಳಿ.

ತಯಾರಕರ ಹೆಸರು ಮಾತ್ರ ಹೊಂದಿಕೆಯಾಗದಿದ್ದರೆ ಗಾಬರಿಯಾಗಬೇಡಿ. ನೋಂದಣಿ ಕೊಡುವುದು ಸಾಮಾನು ತಯಾರಾಗುವ ಕಾರ್ಖಾನೆಗೆ, ಅದೂ ಆ ವಿಳಾಸಕ್ಕೆ. ಬೆಂಗಳೂರಿನ ಕಂಪನಿಯೊಂದರ ಹೆಸರಿನಲ್ಲಿ ಮಾರಾಟವಾಗುವ ಕೀಬೋರ್ಡು ಚೀನಾದ ಶೆನ್‌ಝೆನ್‌ನಲ್ಲೋ ಡಾಂಗ್‌ಗುವಾನ್‌ನಲ್ಲೋ ತಯಾರಾಗಿದ್ದರೆ ಆ್ಯಪ್‌ನಲ್ಲಿ ಆ ಊರಿನ ಕಾರ್ಖಾನೆಯ ಹೆಸರೇ ಬರುತ್ತದೆ. ಅದು ಸರಿಯಾದದ್ದೇ. ಹೊರದೇಶದ ಕಾರ್ಖಾನೆಯಾದರೆ ಇಲ್ಲಿ ಅದರ ಪರವಾಗಿ ಹೊಣೆ ಹೊರುವ ಅಧಿಕೃತ ಭಾರತೀಯ ಪ್ರತಿನಿಧಿ ಇರಬೇಕೆಂಬ ನಿಯಮವೂ ಇದೆ. ತಾಳೆಯಾಗಬೇಕಾದದ್ದು ದೇಶ. ಪೆಟ್ಟಿಗೆಯ ಮೇಲೆ ಭಾರತದಲ್ಲಿ ತಯಾರಾದದ್ದು ಎಂದಿದ್ದು ಆ್ಯಪ್‌ನಲ್ಲಿ ಹೊರದೇಶದ ಕಾರ್ಖಾನೆ ಬಂದರೆ ಅಂಗಡಿಯವರನ್ನು ಕೇಳಿ.

ಕೊನೆಗೆ ಅವಧಿ. ನೋಂದಣಿ ಕನಿಷ್ಠ 2 ವರ್ಷಕ್ಕೆ ಸಿಗುತ್ತದೆ, ಆಮೇಲೆ ನವೀಕರಿಸಬೇಕು. ಅವಧಿ ಮುಗಿದಿದೆ ಎಂದು ಬಂದರೆ ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು-ವರ್ಷ ನೋಡಿ. ನೋಂದಣಿ ಚಾಲ್ತಿಯಲ್ಲಿದ್ದಾಗ ತಯಾರಾಗಿ ಅಂಗಡಿಯ ಕಪಾಟಿನಲ್ಲಿ ಉಳಿದ ಸಾಮಾನು ಇರಬಹುದು. ಮುಗಿದ ಮೇಲೆ ತಯಾರಾದದ್ದಾದರೆ ಬೇಡ. ರದ್ದಾಗಿದೆ ಎಂದು ತೋರಿಸಿದರಂತೂ ಮುಟ್ಟಲೇಬೇಡಿ.

ತಯಾರಾದ ತಿಂಗಳು, ಎಂಆರ್‌ಪಿ, ಆಮದು ಮಾಡಿದವರ ಹೆಸರು-ವಿಳಾಸ, ಯಾವ ದೇಶದ್ದು, ದೂರಿಗೆ ಫೋನ್ ಸಂಖ್ಯೆ ಇವೆಲ್ಲ ಪೊಟ್ಟಣದ ಸಾಮಾನಿನ ಮೇಲೆ ಇರಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಆಮದು ಮಾಡಿದವರ ವಿಳಾಸವೇ ಇಲ್ಲದ ಪೆಟ್ಟಿಗೆಗೆ ನಾಳೆ ತೊಂದರೆಯಾದಾಗ ಕೇಳುವವರು ಯಾರೂ ಇರುವುದಿಲ್ಲ.

ನಾಲ್ಕನೇ ಹೆಜ್ಜೆ: ರೇಡಿಯೋ ಅನುಮೋದನೆ

ಬಿಐಎಸ್ ನೋಡುವುದು ಶಾಕ್, ಬಿಸಿ, ಬೆಂಕಿಯಂಥ ಅಪಾಯಗಳನ್ನು. ವೈರ್ ಇಲ್ಲದೆ ಸಂಕೇತ ಕಳಿಸುವ ಭಾಗಕ್ಕೆ ಬೇರೆ ಅನುಮೋದನೆ ಬೇಕು. ಅದನ್ನು ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ. ಈ ಅನುಮೋದನೆಗೆ ಇಟಿಎ ಎನ್ನುತ್ತಾರೆ. ಈಗ ಸರಳ ಸಂಚಾರ್ ಎಂಬ ಸರ್ಕಾರಿ ಜಾಲತಾಣದ ಮೂಲಕ ಸ್ವಯಂಘೋಷಣೆಯಲ್ಲಿ ಸಿಗುತ್ತದೆ. ಸ್ಟಿಕ್ಕರಿನ ಮೇಲೆ ಇಟಿಎ-ಎಸ್‌ಡಿ ಎಂದು ಶುರುವಾಗಿ, ಆಮೇಲೆ ಇಸವಿ ಸೇರಿದ ಉದ್ದ ಸಂಖ್ಯೆ ಇದ್ದರೆ ಅದೇ ಅದು.

ಮೌಸ್, ಕೀಬೋರ್ಡಿನ ಡಾಂಗಲ್ (ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್), ಬ್ಲೂಟೂತ್ ಎಲ್ಲ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ. 2005ರ ಜನವರಿಯ ನಿಯಮಗಳ ಪ್ರಕಾರ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಈ ಪಟ್ಟಿಯನ್ನು ನಿಗದಿತ ಶಕ್ತಿಯ ಒಳಗೆ ಬಳಸಲು ಲೈಸೆನ್ಸ್ ಬೇಕಿಲ್ಲ. ಹಾಗಾಗಿಯೇ ಮೌಸ್ ಇಟ್ಟುಕೊಳ್ಳಲು ನಾವು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಆದರೆ ಸಾಮಾನು ಆ ಮಿತಿಯೊಳಗೇ ಇದೆ ಎಂದು ತೋರಿಸುವ ಹೊಣೆ ತಯಾರಕರ, ಆಮದುದಾರರ ಮೇಲಿದೆ. ಹೆಚ್ಚು ಸಂಖ್ಯೆಯಲ್ಲಿ ಕೊಳ್ಳುವವರು ಇಟಿಎ ಪತ್ರದ ಪ್ರತಿ ಕೇಳಿ ಪಡೆಯಿರಿ.

ಇಲ್ಲೇ ಒಂದು ಮಾತು: ಮೌಸ್ ತಡೆತಡೆದು ಓಡುತ್ತದೆ, ಡೂಪ್ಲಿಕೇಟ್ ಇರಬೇಕು ಎಂದು ಕೆಲವರು ಹೇಳುವುದುಂಟು. ಬಹಳ ಸಲ ಅದಕ್ಕೆ ಕಾರಣ ಯುಎಸ್‌ಬಿ 3 ಪೋರ್ಟಿನಿಂದ, ಅದಕ್ಕೆ ಸಿಕ್ಕಿಸಿದ ಹಾರ್ಡ್‌ಡಿಸ್ಕಿನಿಂದ ಬರುವ ರೇಡಿಯೋ ಗದ್ದಲ. ಡಾಂಗಲ್‌ಗೆ ಒಂದು ಗೇಣು ಉದ್ದದ ಎಕ್ಸ್‌ಟೆನ್ಶನ್ ವೈರ್ ಹಾಕಿ ದೂರ ಮಾಡಿದರೆ ಸರಿಹೋಗುತ್ತದೆ.

ಸಿಇ, ಎಫ್‌ಸಿಸಿ ಇದ್ದರೆ ಸಾಲದೇ?

ಸಾಲದು. ಸಿಇ ಯುರೋಪಿನ ಮಾರುಕಟ್ಟೆಗೆ ತಯಾರಕರೇ ಹಾಕಿಕೊಳ್ಳುವ ಘೋಷಣೆ. ಎಫ್‌ಸಿಸಿ ಅಮೆರಿಕದ ರೇಡಿಯೋ ಅನುಮೋದನೆ, ಬ್ಯಾಟರಿ ಸುರಕ್ಷಿತವೇ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇವೆರಡೂ ಇದ್ದು ಬಿಐಎಸ್ ಇಲ್ಲದ ಕೀಬೋರ್ಡನ್ನು ಇಲ್ಲಿ ಮಾರುವಂತಿಲ್ಲ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಮಕ್ಕಳು ಊರಿಗೆ ಬರುವಾಗ ತಂದುಕೊಟ್ಟ ಕೀಬೋರ್ಡಿನ ಮೇಲೆ ಬಿಐಎಸ್ ಸಂಖ್ಯೆ ಇಲ್ಲದಿರುವುದು ಸಹಜ. ಅದು ಆ ದೇಶದ ಮಾರುಕಟ್ಟೆಗೆಂದು ತಯಾರಾದದ್ದು.

ಐದನೇ ಹೆಜ್ಜೆ: ಬ್ಯಾಟರಿ ಯಾವುದೆಂದು ನೋಡುವುದು

ನನ್ನ ಅಭಿಪ್ರಾಯ ಖಚಿತ: ಶಾಲೆಗೆ, ಕಚೇರಿಗೆ, ಬಹಳ ಜನ ಬಳಸುವ ಜಾಗಕ್ಕೆ ಎಎ ಅಥವಾ ಎಎಎ ಸೆಲ್ ಹಾಕುವ ಮೌಸೇ ಒಳ್ಳೆಯದು. ಕಿರಾಣಿ ಅಂಗಡಿಯಲ್ಲೇ ಸಿಗುವ ಆ ಸೆಲ್ ಖಾಲಿಯಾದರೆ ಬದಲಿಸಬಹುದು, ಹಾಳಾದರೆ ಹೆಚ್ಚೆಂದರೆ ಸೋರುತ್ತದೆ. ಚಾರ್ಜ್ ಮಾಡುವ ಮೌಸ್‌ನಲ್ಲಿರುವುದು ಲಿಥಿಯಂ. ಅದು ಒಳ್ಳೆಯ ಕಡೆಯಿಂದ ಬಂದಿದ್ದರೆ ಭಯವಿಲ್ಲ. ಐಎಸ್ 16046ರ ಪ್ರಕಾರ ಪರೀಕ್ಷೆ ಮಾಡುವಾಗ ಅದನ್ನು 1 ಮೀಟರ್ ಎತ್ತರದಿಂದ ಮತ್ತೆ ಮತ್ತೆ ಗಟ್ಟಿ ನೆಲಕ್ಕೆ ಬೀಳಿಸುತ್ತಾರೆ, ಎರಡು ತುದಿಗಳನ್ನು ನೇರ ಸೇರಿಸಿ ಶಾರ್ಟ್ ಮಾಡುತ್ತಾರೆ, ಮಿತಿಮೀರಿ ಚಾರ್ಜ್ ಮಾಡುತ್ತಾರೆ, ಸೆಲ್ಲನ್ನು 130 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಡುತ್ತಾರೆ. ಇಷ್ಟಾದರೂ ಹೊತ್ತಿಕೊಳ್ಳಬಾರದು, ಸಿಡಿಯಬಾರದು. ಹೆಸರಿಲ್ಲದ ಬ್ಯಾಟರಿ ಈ ದಾರಿಯಲ್ಲಿ ಬಂದಿರುತ್ತದೆ ಎಂಬ ಖಾತ್ರಿ ಯಾರಿಗೂ ಇಲ್ಲ.

ಗುಂಡಿಯಂಥ ಚಪ್ಪಟೆ ಸೆಲ್ ಹಾಕುವ ಸಾಮಾನು ಮನೆಯಲ್ಲಿದ್ದರೆ, ಮನೆಯಲ್ಲಿ ಅಂಬೆಗಾಲಿಡುವ ಮಗುವೂ ಇದ್ದರೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಸಿಆರ್2032 ಎಂಬ ಸೆಲ್‌ನ ಅಗಲ 20 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ನಾಣ್ಯದಷ್ಟು. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಗಂಭೀರವಾಗಿ ಸುಟ್ಟುಬಿಡಬಲ್ಲದು. ಆದ್ದರಿಂದಲೇ 62368 ಮಾನಕದಲ್ಲಿ ಅಂಥ ಸೆಲ್ ಇರುವ ಮುಚ್ಚಳ ಮಗುವಿನ ಕೈಗೆ ಸುಲಭವಾಗಿ ತೆರೆಯಬಾರದು ಎಂಬ ನಿಯಮವಿದೆ: ಸ್ಕ್ರೂ ಬಿಚ್ಚಲು ಉಪಕರಣ ಬೇಕು, ಇಲ್ಲವೇ ಒಂದೇ ಸಲಕ್ಕೆ ಎರಡು ಬೇರೆ ಚಲನೆ ಬೇಕು. ಅಂಗಡಿಯಲ್ಲೇ ಹೆಬ್ಬೆರಳಿನಿಂದ ಮುಚ್ಚಳ ತಳ್ಳಿ ನೋಡಿ. ಸುಮ್ಮನೆ ಜಾರಿ ಬಂದರೆ ಬೇಡ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಓಡಿ.

ಪಾಠ ಮಾಡುವಾಗ ಪರದೆಯತ್ತ ತೋರಿಸುವ ವೈರ್‌ಲೆಸ್ ಪ್ರೆಸೆಂಟರ್‌ನಲ್ಲಿ ಲೇಸರ್ ಇರುತ್ತದೆ. ಅದರ ಮೇಲೆ ಕ್ಲಾಸ್ 2, 1 ಮಿಲಿವ್ಯಾಟ್‌ಗಿಂತ ಕಡಿಮೆ ಎಂದಿರಲಿ. ಏನೂ ಬರೆದಿಲ್ಲದ ಹಸಿರು ಲೇಸರ್ ಮಕ್ಕಳಿರುವ ಕೋಣೆಗೆ ಬೇಡ.

ಈ ಎಲ್ಲ ನೋಂದಣಿಯ ಅರ್ಥವನ್ನು ಹಿಗ್ಗಿಸಿಯೂ ಹೇಳಬಾರದು. ಬಿಐಎಸ್ ಮಾನ್ಯತೆಯ ಪ್ರಯೋಗಾಲಯದಲ್ಲಿ ಮಾದರಿಯೊಂದನ್ನು ಪರೀಕ್ಷಿಸಿ, ಆ ವರದಿಯ ಆಧಾರದ ಮೇಲೆ ತಯಾರಕರು ತಮ್ಮ ಸಾಮಾನು ಮಾನಕಕ್ಕೆ ತಕ್ಕಂತಿದೆ ಎಂದು ಘೋಷಿಸುವ ಪದ್ಧತಿ ಇದು. ಪ್ರತಿಯೊಂದು ಮೌಸನ್ನೂ ಯಾರೂ ಬಿಚ್ಚಿ ನೋಡಿರುವುದಿಲ್ಲ. ಬಾಳಿಕೆ, ಕೀಲಿಗಳ ಗುಣಮಟ್ಟ, ನೀವು ಒತ್ತಿದ ಅಕ್ಷರಗಳನ್ನು ಯಾರಾದರೂ ಗಾಳಿಯಲ್ಲಿ ಕದಿಯಬಹುದೇ ಎಂಬ ಪ್ರಶ್ನೆ, ಇವು ಯಾವುವೂ ಇದರಲ್ಲಿ ಸೇರಿಲ್ಲ. 2016ರಲ್ಲಿ ಬ್ಯಾಸ್ಟಿಲ್ ಎಂಬ ಅಮೆರಿಕದ ಸಂಸ್ಥೆಯವರು ಹಲವು ಪ್ರಸಿದ್ಧ ಬ್ರ್ಯಾಂಡುಗಳ ಡಾಂಗಲ್‌ಗಳಿಗೆ ದೂರದಿಂದಲೇ ನಕಲಿ ಕೀಲಿ ಒತ್ತುಗಳನ್ನು ಕಳಿಸಬಹುದೆಂದು ತೋರಿಸಿಕೊಟ್ಟರು. ಬ್ಯಾಂಕಿನ, ಪಂಚಾಯಿತಿಯ ಲೆಕ್ಕಪತ್ರದ ಕೆಲಸಕ್ಕೆ ನಾನಂತೂ ವೈರ್ ಇರುವ ಕೀಬೋರ್ಡನ್ನೇ ಹೇಳುತ್ತೇನೆ.

ಒಟ್ಟಾಗಿ ಕೊಳ್ಳುವವರಿಗೆ

ಕೊಟೇಶನ್ ಕೇಳುವಾಗಲೇ ಮಾದರಿ ಸಂಖ್ಯೆ, ಆರ್ ಸಂಖ್ಯೆ, ಇಟಿಎ ಸಂಖ್ಯೆ ಬರೆದುಕೊಡಿ ಎಂದು ಹೇಳಿ. ಸರಿಯಾದ ವ್ಯಾಪಾರಿಗೆ ಇದು ಕಷ್ಟವಲ್ಲ. ಬಿಲ್ಲಿನಲ್ಲಿ ಬರೀ 'ಕೀಬೋರ್ಡ್-ಮೌಸ್ 12' ಎಂದಿದ್ದರೆ ಒಪ್ಪಬೇಡಿ, ಮಾದರಿ ಹಾಕಿಸಿ, ಜಿಎಸ್‌ಟಿ ಬಿಲ್ ಪಡೆಯಿರಿ. ನನ್ನ ಬಿಲ್ಲಿನಲ್ಲಿ ಮಾದರಿ ಇರಲಿಲ್ಲ. ದುಡ್ಡು ವಾಪಸ್ ಕೇಳಲು ಹೋದಾಗ ಅಂಗಡಿಯವರ ಮೊದಲ ಮಾತೇ "ಇದು ನಮ್ಮದು ಅಂತ ಏನು ಗ್ಯಾರಂಟಿ?" ಎಂಬುದಾಗಿತ್ತು. ಸಾಮಾನು ಬಂದ ಮೇಲೆ ಒಂದೇ ಪೆಟ್ಟಿಗೆ ನೋಡಿ ಬಿಡಬೇಡಿ. ಮೇಲಿನ ಎರಡು ಅಸಲಿ, ಕೆಳಗಿನ ಹತ್ತು ಬೇರೆ ಆಗಿರಬಹುದು.

ತಾಳೆಯಾಗದಿದ್ದರೆ

ಪೆಟ್ಟಿಗೆ, ಸ್ಟಿಕ್ಕರ್, ಬಿಲ್, ಆ್ಯಪ್‌ನ ಪರದೆ ನಾಲ್ಕರ ಫೋಟೊ ಇಟ್ಟುಕೊಳ್ಳಿ. ಅದೇ ಬಿಐಎಸ್ ಕೇರ್ ಆ್ಯಪ್‌ನಲ್ಲಿ ದೂರು ಕೊಡುವ ಆಯ್ಕೆಯಿದೆ. ಬೆಂಗಳೂರಿನ ಸುತ್ತಮುತ್ತಲಿನವರು ಪೀಣ್ಯದಲ್ಲಿರುವ ಬಿಐಎಸ್ ಶಾಖಾ ಕಚೇರಿಗೆ ನೇರವಾಗಿಯೂ ಹೋಗಬಹುದು. ದುಡ್ಡು ವಾಪಸ್ ಬೇಕೆಂದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ. ನಾನು ಬಿಐಎಸ್‌ಗೆ ದೂರು ಬರೆದು ಅದರ ಪ್ರತಿಯನ್ನು ಅಂಗಡಿಯವರಿಗೆ ತೋರಿಸಿದ ಮೇಲೆ 12 ಜೊತೆಯ ದುಡ್ಡೂ ವಾಪಸ್ ಬಂತು.

ಉಬ್ಬಿದ ಬ್ಯಾಟರಿ ಕೈಗೆ ಸಿಕ್ಕರೆ

ಒತ್ತಿ ಮುಚ್ಚಳ ಕೂರಿಸಲು ಹೋಗಬೇಡಿ, ಚುಚ್ಚಬೇಡಿ, ಇನ್ನೊಮ್ಮೆ ಚಾರ್ಜಿಗೆ ಹಾಕಬೇಡಿ. ಬ್ಯಾಟರಿಯನ್ನು ಬಿಡಿಸುವ ಪ್ರಯತ್ನವೂ ಬೇಡ, ಇಡೀ ಮೌಸನ್ನೇ ಹಾಗೇ ತೆಗೆದಿಡಿ. ಮನೆಯ ಕಸದ ಬುಟ್ಟಿಗೆ ಹಾಕಿದರೆ ಕಸದ ಲಾರಿಯಲ್ಲಿ ಅದುಮಿಸಿಕೊಂಡು ಹೊತ್ತಿಕೊಂಡೀತು. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಇ-ತ್ಯಾಜ್ಯ ಸಂಗ್ರಾಹಕರಿಗೇ ಕೊಡಬೇಕು. ಅಲ್ಲಿಯವರೆಗೆ ಸುಡುವ ವಸ್ತುಗಳಿಂದ ದೂರ, ಗಾಳಿಯಾಡುವ ಜಾಗದಲ್ಲಿರಲಿ. ನಮ್ಮ ಶಾಲೆಯ ಮೌಸನ್ನು ಮೇಷ್ಟ್ರು ಹಳೆಯದೊಂದು ಕಬ್ಬಿಣದ ಬಾಣಲೆಯಲ್ಲಿ ಒಣ ಮರಳಿನ ನಡುವೆ ಇಟ್ಟು, ಆಟದ ಮೈದಾನದ ಆಚೆ ಗೋಡೆಯ ಪಕ್ಕ ಹಂಚಿನ ಚಪ್ಪರದ ಅಡಿ ಇರಿಸಿದ್ದರು. ಒಂಬತ್ತು ದಿನಗಳ ಮೇಲೆ ತುಮಕೂರಿನಿಂದ ಗಾಡಿ ಬಂದು ತೆಗೆದುಕೊಂಡು ಹೋಯಿತು.